ಯರಗೇರಾದಿಂದ ಗಬ್ಬೂರಿಗೆ, ಕಲ್ಲಿನ ಬೆನ್ನು ಹತ್ತಿ

ಯರಗೇರಾದಿಂದ ನಸುಕಿನಲ್ಲೇ ಹೊರಡಬೇಕು. ರಾಯಚೂರಿನ ಬಿಸಿಲು ಏರಿದ ಮೇಲೆ ಕೋಟೆಯ ಕಲ್ಲಿನ ಮೇಲೆ ಕೈ ಇಡಲಾಗದು. ಇದು ಗುಡಿ, ಕೋಟೆ, ಮಸೀದಿಗಳ ಒಂದು ದಿನದ ಸುತ್ತು. ಬ್ಯಾಂಕಾಕಿಗೆ ಹೋದವರು ಹಳೆಯ ರಾಜಧಾನಿ ಅಯುತ್ಥಯದ ಹಾಳು ಗುಡಿಗಳನ್ನೂ ಅರಮನೆಗಳನ್ನೂ ಮಾರ್ಗದರ್ಶಿಯ ಜೊತೆ ಒಂದೇ ದಿನದಲ್ಲಿ ನೋಡಿ ಬರುತ್ತಾರೆ. ಆ ರಾಜಧಾನಿ ಕಟ್ಟಿದ್ದು 1350ರಲ್ಲಿ. ನಮ್ಮ ರಾಯಚೂರಿನ ಒಳಕೋಟೆ ಅದಕ್ಕಿಂತ ಹಳೆಯದು.

ಮೊದಲು ಮಲಿಯಾಬಾದ್. ರಾಯಚೂರಿನ ದಕ್ಷಿಣಕ್ಕೆ ಕೆಲವೇ ಮೈಲಿ. ಪಾಳುಬಿದ್ದ ಕೋಟೆ, ವಿಷ್ಣು ದೇವಾಲಯದ ಅವಶೇಷ, ನಿಜವಾದ ಆನೆಯಷ್ಟೇ ದೊಡ್ಡದಾದ ಎರಡು ಕಲ್ಲಾನೆಗಳು. ಬಿಳಿಗಲ್ಲಿನ ಒಂದೊಂದೇ ಬಂಡೆಯಿಂದ ಕಡೆದವು. ಇಂಥ ಆನೆಗಳು ಹಂಪಿಯಲ್ಲಿದ್ದಿದ್ದರೆ ಶಾಲಾ ಮಕ್ಕಳು ಸಾಲುಗಟ್ಟಿ ನೋಡುತ್ತಿದ್ದರು.

ಅಲ್ಲಿಂದ ರಾಯಚೂರು ಕೋಟೆ. ದಿನದ ಹೆಚ್ಚು ಹೊತ್ತು ಇಲ್ಲಿಗೇ ಮೀಸಲಿಡಿ. ಕಾಕತೀಯರ ಕಾಲದಲ್ಲಿ ಗೋರೆ ಗಂಗಯ್ಯ ರೆಡ್ಡಿಯ ಸೇನಾನಿ ವಿಠ್ಠಲ 1294ರಲ್ಲಿ ಕಟ್ಟಿಸಿದ ಒಳಗೋಡೆಯಲ್ಲಿ ಗಾರೆಯ ಗುರುತಿಲ್ಲ. ಭಾರಿ ಚಪ್ಪಡಿಗಳನ್ನು ಒಂದರ ಮೇಲೊಂದು ಹೊಂದಿಸಿ ನಿಲ್ಲಿಸಿದ್ದಾರೆ. ಪಶ್ಚಿಮದ ಗೋಡೆಯ ಒಂದು ಕಲ್ಲಿನ ಉದ್ದ ಸುಮಾರು 41 ಅಡಿ, ಅದರ ಮೇಲೆ ತೆಲುಗು ಶಾಸನ. ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಹತ್ತಿರ ಕೊರೆದ ಚಿತ್ರ: ಅಷ್ಟುದ್ದದ ಕಲ್ಲನ್ನು ಬಂಡಿಯ ಮೇಲೇರಿಸಿ ಕೋಣಗಳ ಸಾಲು ಎಳೆಯುತ್ತಿದೆ, ಹೊಡೆಯುವವರು ಹುರಿದುಂಬಿಸುತ್ತಿದ್ದಾರೆ, ಹಿಂದಿನಿಂದ ಜನ ಗಾಲಿಗಳಿಗೆ ಮರದ ಸನ್ನೆಗೋಲು ಕೊಟ್ಟು ಮೀಟುತ್ತಿದ್ದಾರೆ. ಕಟ್ಟಿಸಿದವನ ಹೆಸರು ಶಾಸನದಲ್ಲಿದೆ, ಹೊತ್ತು ತಂದವರ ಶ್ರಮ ಚಿತ್ರದಲ್ಲಿದೆ. ತೋರಿಸುವವರಿಲ್ಲದಿದ್ದರೆ ಇದರ ಮುಂದೆಯೇ ಹಾದುಹೋದರೂ ಕಣ್ಣಿಗೆ ಬೀಳುವುದಿಲ್ಲ.

ಎರಡು ನದಿಗಳ ನಡುವಿನ ಈ ದೋಆಬಿಗಾಗಿ ವಿಜಯನಗರವೂ ಬಹಮನಿ, ಆದಿಲ್‌ಶಾಹಿಗಳೂ ತಲೆಮಾರುಗಟ್ಟಲೆ ಕಾದಾಡಿದವು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿ ಕೋಟೆ ಗೆದ್ದ. ಗೋಡೆಯ ಮೇಲಿಂದ ಇಣುಕಿದವರನ್ನು ಪೋರ್ಚುಗೀಸ್ ಬಂದೂಕುಗಾರರು ಹೊಡೆದುರುಳಿಸಿದರು, ಆ ಮರೆಯಲ್ಲಿ ರಾಯನ ಜನ ಕೋಟೆಯ ಕಲ್ಲು ಕಿತ್ತರು ಎಂದು ಪೋರ್ಚುಗೀಸ್ ವೃತ್ತಾಂತಕಾರ ನೂನಿಜ್ ಬರೆದಿದ್ದಾನೆ. ಹೊರಗೋಡೆ ಬಿಜಾಪುರದವರದು. ನವರಂಗ ದರವಾಜದ ಕೆತ್ತನೆಗಳನ್ನು ನೋಡಿಕೊಂಡು ಒಂದು ಮಿನಾರಿನ ಮಸೀದಿಗೂ ಹೋಗಿ; ಬಹಮನಿ ಮಹಮೂದ್ ಶಾಹನ ಕಾಲದ, 1513ರ ಸುಮಾರಿನ ಕಟ್ಟಡ. ಮೇಲೆ ಹೋದಂತೆ ಸಪೂರವಾಗುವ ಆ ಮಿನಾರು 65 ಅಡಿ ಎತ್ತರ.

ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಬುತ್ತಿ ಕಟ್ಟಿಕೊಂಡರೆ ಇನ್ನೂ ಒಳ್ಳೆಯದು.

ಬಿಸಿಲು ಇಳಿಯುತ್ತಲೇ ದೇವದುರ್ಗದ ದಾರಿಯಲ್ಲಿ ಗಬ್ಬೂರು. ಊರೊಳಗೇ ಹರಡಿಕೊಂಡ ಗುಡಿಗಳು: ಮಳೆ ಶಂಕರ, ಈಶ್ವರ, ವೆಂಕಟೇಶ್ವರ, ಏಳು ಬಾವಿ ಬಸವಣ್ಣ. ಕಲ್ಯಾಣ ಚಾಲುಕ್ಯರ ಕಾಲಕ್ಕೆ ವಿದ್ಯಾಕೇಂದ್ರವಾಗಿ ಹೆಸರಾಗಿದ್ದ ಊರಿದು, ಶಾಸನಗಳೂ ಹೇರಳ. ಇಲ್ಲಿ ಅವಸರ ಮಾಡಬೇಡಿ. ಊರ ಹಿರಿಯರನ್ನು "ಯಜಮಾನ್ರೆ, ಮಳೆ ಶಂಕರನ ಗುಡಿ ಯಾವ ಕಡೆರಿ?" ಎಂದು ಕೇಳಿ.

ಯರಗೇರಾದಲ್ಲೇ ಈಗ ವಿಶ್ವವಿದ್ಯಾಲಯವಿದೆ. ಅಲ್ಲಿಯ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಈ ಶಾಸನಗಳನ್ನು ಓದಲು ಕಲಿತು, ಭಾನುವಾರಕ್ಕೊಂದು ತಂಡವನ್ನು ಕರೆದೊಯ್ಯುವಂತಾಗಬೇಕು. ಆ ಕೋಣಗಳ ಸಾಲನ್ನು ಬೆರಳಿಟ್ಟು ತೋರಿಸುವವರು ನಮ್ಮ ಜಿಲ್ಲೆಯವರೇ ಆಗಿರಲಿ.