ಎಬೋಲಾ ಕಾಲದ ಆಫ್ರಿಕಾ ಕಪ್: ನಡೆಸುವುದೋ, ಮುಂದೂಡುವುದೋ?

ಆಫ್ರಿಕಾ ಖಂಡದ ಅತಿ ದೊಡ್ಡ ಫುಟ್‌ಬಾಲ್ ಕೂಟವಾದ ಆಫ್ರಿಕಾ ಕಪ್ ಆಫ್ ನೇಷನ್ಸ್ 2015ರ ಜನವರಿ 17ರಂದು ಮೊರಾಕೊದಲ್ಲಿ ಆರಂಭವಾಗಬೇಕಿತ್ತು. ಅದಕ್ಕೆ ಮೂರು ತಿಂಗಳು ಬಾಕಿ ಇರುವಾಗ, 2014ರ ಅಕ್ಟೋಬರ್ 10ರಂದು, ಮೊರಾಕೊ ಸರ್ಕಾರ ಕೂಟವನ್ನು ಮುಂದೂಡುವಂತೆ ಕೇಳಿತು. ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹಬ್ಬುತ್ತಿದ್ದುದು ಅದಕ್ಕೆ ಕಾರಣ. ಆಫ್ರಿಕಾ ಫುಟ್‌ಬಾಲ್ ಒಕ್ಕೂಟ ಒಪ್ಪಲಿಲ್ಲ. ಒಂದು ತಿಂಗಳ ಜಗ್ಗಾಟದ ನಂತರ ಆತಿಥ್ಯ ಮೊರಾಕೊದ ಕೈತಪ್ಪಿತು. ಕೂಟ ಮಾತ್ರ ನಿಗದಿಯಾದ ದಿನವೇ ಬೇರೊಂದು ದೇಶದಲ್ಲಿ ಶುರುವಾಯಿತು. ರೋಗ ಹರಡುತ್ತಿರುವಾಗ ದೊಡ್ಡ ಕ್ರೀಡಾಕೂಟ ನಡೆಸಬಹುದೇ, ಆ ತೀರ್ಮಾನ ಯಾರದು, ನಷ್ಟ ಯಾರ ತಲೆಗೆ ಎಂಬ ಮೂರೂ ಪ್ರಶ್ನೆಗಳು ಈ ಒಂದೇ ಪ್ರಕರಣದಲ್ಲಿ ಎದುರಾಗುತ್ತವೆ.

ರೋಗ ಹಬ್ಬಿದ ಬಗೆ

ಎಬೋಲಾ ವೈರಸ್ ಮೊದಲು ಪತ್ತೆಯಾದದ್ದು 1976ರಲ್ಲಿ, ಇಂದಿನ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ ಮತ್ತು ದಕ್ಷಿಣ ಸುಡಾನ್‌ಗಳಲ್ಲಿ. ಆಮೇಲೆ ಹಲವು ಸಲ ಮರುಕಳಿಸಿದರೂ ಹೆಚ್ಚಾಗಿ ಕಾಡಂಚಿನ ಊರುಗಳಲ್ಲೇ ಅಡಗುತ್ತಿತ್ತು. 2013ರ ಡಿಸೆಂಬರ್‌ನಲ್ಲಿ ಗಿನಿ ದೇಶದ ಮೆಲಿಯಾಂಡೂ ಎಂಬ ಹಳ್ಳಿಯಲ್ಲಿ ಕಾಣಿಸಿಕೊಂಡ ಸೋಂಕು ಹಾಗೆ ನಿಲ್ಲಲಿಲ್ಲ. ಗಡಿ ದಾಟಿ ಲೈಬೀರಿಯ ಮತ್ತು ಸಿಯೆರಾ ಲಿಯೋನ್ ತಲುಪಿ, ರಾಜಧಾನಿಗಳಿಗೂ ಕಾಲಿಟ್ಟಿತು. 2014ರ ಆಗಸ್ಟ್ 8ರಂದು ವಿಶ್ವ ಆರೋಗ್ಯ ಸಂಸ್ಥೆ ಅಂತರರಾಷ್ಟ್ರೀಯ ಆರೋಗ್ಯ ತುರ್ತು ಪರಿಸ್ಥಿತಿ ಘೋಷಿಸಿತು. 2016ರಲ್ಲಿ ಅದು ಮುಗಿಯುವ ಹೊತ್ತಿಗೆ 28 ಸಾವಿರಕ್ಕೂ ಹೆಚ್ಚು ಜನರಿಗೆ ರೋಗ ತಗುಲಿ, 11 ಸಾವಿರಕ್ಕೂ ಹೆಚ್ಚು ಮಂದಿ ಸತ್ತಿದ್ದರು.

ಎಬೋಲಾ ಗಾಳಿಯಲ್ಲಿ ತೇಲಿ ಬರುವ ರೋಗವಲ್ಲ. ರೋಗಿಯ ರಕ್ತ, ವಾಂತಿ, ಮಲ ಮುಂತಾದ ದೇಹದ್ರವಗಳ ನೇರ ಸಂಪರ್ಕದಿಂದ ಅಂಟುತ್ತದೆ. ಸೋಂಕು ತಗುಲಿ ಲಕ್ಷಣ ಕಾಣಿಸಿಕೊಳ್ಳಲು 2ರಿಂದ 21 ದಿನ ಬೇಕು. ಲಕ್ಷಣ ಕಾಣುವ ತನಕ ಆ ವ್ಯಕ್ತಿಯಿಂದ ಇನ್ನೊಬ್ಬರಿಗೆ ರೋಗ ಹರಡುವುದಿಲ್ಲ. ಲಕ್ಷಣ ತೀವ್ರವಾದಾಗ ರೋಗಿ ಹಾಸಿಗೆ ಹಿಡಿದಿರುತ್ತಾನೆ. ಆದ್ದರಿಂದಲೇ ಹೆಚ್ಚು ಬಲಿಯಾದವರು ಆರೈಕೆ ಮಾಡಿದ ಮನೆಯವರು, ದಾದಿಯರು, ವೈದ್ಯರು ಮತ್ತು ಶವಕ್ಕೆ ಸ್ನಾನ ಮಾಡಿಸಿದ ಬಂಧುಗಳು. ಕ್ರೀಡಾಂಗಣದಲ್ಲಿ ಅಕ್ಕಪಕ್ಕ ಕೂತು ಕೂಗಿದ ಮಾತ್ರಕ್ಕೆ ಹರಡುವ ಸಂಭವ ತೀರಾ ಕಡಿಮೆ.

ಹಾಗೆಂದು ಮೊರಾಕೊದ ಅಂಜಿಕೆಗೆ ಆಧಾರವೇ ಇರಲಿಲ್ಲ ಎನ್ನುವಂತಿಲ್ಲ. 2014ರ ಜುಲೈನಲ್ಲಿ ಲೈಬೀರಿಯದಿಂದ ನೈಜೀರಿಯದ ಲಾಗೋಸ್‌ಗೆ ವಿಮಾನದಲ್ಲಿ ಬಂದಿಳಿದ ಒಬ್ಬನೇ ರೋಗಿಯಿಂದಾಗಿ ಆ ದೇಶದಲ್ಲಿ ಒಟ್ಟು 20 ಪ್ರಕರಣಗಳಾಗಿ, 8 ಮಂದಿ ಸತ್ತರು. ಆದರೆ ಸುಮಾರು 900 ಸಂಪರ್ಕಿತರನ್ನು ಹುಡುಕಿ ನಿಗಾ ಇಟ್ಟ ನೈಜೀರಿಯ, ಅಕ್ಟೋಬರ್ 20ಕ್ಕೆ ಎಬೋಲಾಮುಕ್ತ ಎನಿಸಿಕೊಂಡಿತು. ಒಬ್ಬ ಪ್ರಯಾಣಿಕ ಸಾಕು ಎಂಬ ಭಯಕ್ಕೂ, ಆರೋಗ್ಯ ವ್ಯವಸ್ಥೆ ಎಚ್ಚರವಿದ್ದರೆ ತಡೆಯಬಹುದು ಎಂಬ ಧೈರ್ಯಕ್ಕೂ ಲಾಗೋಸ್ ಒಂದೇ ಉದಾಹರಣೆಯಾಯಿತು.

ಎರಡು ಕಡೆಯ ವಾದ

ಮೊರಾಕೊ ಕೂಟವನ್ನು ಬೇಡವೆಂದಿರಲಿಲ್ಲ. ಜನವರಿಯಲ್ಲಿ ಮಾತ್ರ ಬೇಡ ಎಂದಿತ್ತು. ವರ್ಷಕ್ಕೆ ಸುಮಾರು ಒಂದು ಕೋಟಿ ಪ್ರವಾಸಿಗರು ಬರುವ ದೇಶದಲ್ಲಿ ಒಂದೇ ಒಂದು ಎಬೋಲಾ ಪ್ರಕರಣ ಕಂಡರೂ ಪ್ರವಾಸೋದ್ಯಮ ನೆಲಕಚ್ಚುತ್ತದೆ ಎಂಬ ಲೆಕ್ಕಾಚಾರವೂ ಅದರ ಹಿಂದಿತ್ತು. ಒಕ್ಕೂಟದ ಅಧ್ಯಕ್ಷ, ಕ್ಯಾಮರೂನಿನ ಇಸಾ ಹಯಾಟೂ ಪಟ್ಟು ಸಡಿಲಿಸಲಿಲ್ಲ. 1957ರಿಂದ ಕೂಟ ಒಮ್ಮೆಯೂ ಮುಂದಕ್ಕೆ ಹೋಗಿಲ್ಲ, ರೋಗಪೀಡಿತ ದೇಶಗಳಿಂದ ಬರುವ ಅಭಿಮಾನಿಗಳು ಬೆರಳೆಣಿಕೆಯಷ್ಟು, ಅವರನ್ನು ತಪಾಸಣೆ ಮಾಡುವುದು ಕಷ್ಟವಲ್ಲ ಎಂಬುದು ಒಕ್ಕೂಟದ ನಿಲುವು. ಪ್ರಸಾರ ಹಕ್ಕು ಮತ್ತು ಪ್ರಾಯೋಜಕತ್ವದ ಹಣ ದಿನಾಂಕಕ್ಕೆ ಅಂಟಿಕೊಂಡಿತ್ತು. ಐರೋಪ್ಯ ಕ್ಲಬ್‌ಗಳು ಆಟಗಾರರನ್ನು ಬಿಟ್ಟುಕೊಡುವ ಅವಧಿಯೂ ಮೊದಲೇ ಗೊತ್ತಾಗಿತ್ತು. ದಿನಾಂಕ ಕದಲಿದರೆ ಅವೆರಡನ್ನೂ ಮತ್ತೆ ಹೊಂದಿಸಬೇಕಾಗುತ್ತಿತ್ತು.

ವಿಶ್ವ ಆರೋಗ್ಯ ಸಂಸ್ಥೆ ಪ್ರಯಾಣ ಅಥವಾ ವ್ಯಾಪಾರವನ್ನು ಸಾರಾಸಗಟಾಗಿ ನಿಷೇಧಿಸಲು ಹೇಳಿರಲಿಲ್ಲ. ಸೋಂಕು ಹರಡುತ್ತಿರುವ ದೇಶಗಳು ಮಾತ್ರ ಜನಜಂಗುಳಿಯ ಸಮಾರಂಭಗಳನ್ನು ಮುಂದೂಡುವುದು ಒಳಿತು ಎಂದಿತ್ತು. ಮೊರಾಕೊ ಆ ಪಟ್ಟಿಯಲ್ಲಿರಲಿಲ್ಲ, ಅಲ್ಲಿ ಒಂದೂ ಪ್ರಕರಣ ಇರಲಿಲ್ಲ.

ಮೊರಾಕೊದ ನಡೆಯಲ್ಲೇ ಒಂದಕ್ಕೊಂದು ತಾಳೆಯಾಗದ ಸಂಗತಿಗಳಿದ್ದವು. ಹಲವು ವಿಮಾನಯಾನ ಸಂಸ್ಥೆಗಳು ಹಾರಾಟ ನಿಲ್ಲಿಸಿದ್ದಾಗಲೂ ರಾಯಲ್ ಏರ್ ಮರೋಕ್ ರೋಗಪೀಡಿತ ರಾಜಧಾನಿಗಳಿಗೆ ವಿಮಾನ ಕಳಿಸುತ್ತಿತ್ತು. ಎಬೋಲಾದಿಂದಾಗಿ ತವರಿನಲ್ಲಿ ಆಡಲಾಗದ ಗಿನಿ ತಂಡದ ಅರ್ಹತಾ ಪಂದ್ಯಗಳು ಮೊರಾಕೊದ ಕಾಸಾಬ್ಲಾಂಕಾದಲ್ಲೇ ನಡೆಯುತ್ತಿದ್ದವು. ಆ ವರ್ಷದ ಡಿಸೆಂಬರ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಗೆದ್ದ ಕ್ಲಬ್ ವಿಶ್ವಕಪ್‌ಗೂ ಮೊರಾಕೊವೇ ಆತಿಥ್ಯ ವಹಿಸಿತು. ಒಂದು ಕೂಟಕ್ಕೆ ಇಲ್ಲದ ಅಪಾಯ ಇನ್ನೊಂದಕ್ಕೆ ಹೇಗೆ ಬರುತ್ತದೆ ಎಂದು ಟೀಕಾಕಾರರು ಕೇಳಿದರು. ಇಡೀ ಆಫ್ರಿಕಾದಿಂದ ತಂಡಗಳೂ ಅಭಿಮಾನಿಗಳೂ ಬರುವ ಕೂಟವನ್ನು ಅವುಗಳ ಜೊತೆ ಹೋಲಿಸಲಾಗದು ಎಂಬ ಸಮಜಾಯಿಷಿಗೂ ಎಡೆಯಿತ್ತು.

ಆತಿಥ್ಯ ಬದಲಾದದ್ದು

ನವೆಂಬರ್ 11ರಂದು ಕೈರೋದಲ್ಲಿ ಸೇರಿದ ಒಕ್ಕೂಟದ ಕಾರ್ಯಕಾರಿ ಸಮಿತಿ ಮೊರಾಕೊದಿಂದ ಆತಿಥ್ಯ ಕಿತ್ತುಕೊಂಡು, ಅದರ ತಂಡವನ್ನೂ ಕೂಟದಿಂದ ಹೊರಗಿಟ್ಟಿತು. ದಕ್ಷಿಣ ಆಫ್ರಿಕಾ ಮತ್ತು ಈಜಿಪ್ಟ್ ಹೊಣೆ ಹೊರಲು ಒಪ್ಪಲಿಲ್ಲ. ನವೆಂಬರ್ 14ರಂದು ಈಕ್ವಟೋರಿಯಲ್ ಗಿನಿ ಹೊಸ ಆತಿಥೇಯ ಎಂದು ಘೋಷಣೆಯಾಯಿತು. 1979ರಿಂದ ಟಿಯೊಡೊರೊ ಒಬಿಯಾಂಗ್ ಆಳುತ್ತಿರುವ, ತೈಲದ ದುಡ್ಡಿನ ಪುಟ್ಟ ದೇಶವದು. 2012ರಲ್ಲಿ ಗಬಾನ್ ಜೊತೆ ಸೇರಿ ಇದೇ ಕೂಟ ನಡೆಸಿತ್ತು. ಅನರ್ಹ ಆಟಗಾರನನ್ನು ಕಣಕ್ಕಿಳಿಸಿದ ತಪ್ಪಿಗೆ ಅರ್ಹತಾ ಸುತ್ತಿನಿಂದ ಹೊರಬಿದ್ದಿದ್ದ ಅದರ ತಂಡಕ್ಕೆ ಆತಿಥೇಯರೆಂಬ ಕಾರಣಕ್ಕೆ ನೇರ ಪ್ರವೇಶ ಸಿಕ್ಕಿತು.

ಸಿದ್ಧತೆಗೆ ಉಳಿದದ್ದು ಎರಡು ತಿಂಗಳು. ಮಲಾಬೊ, ಬಾಟಾ, ಮೊಂಗೊಮೊ, ಎಬೆಬಿಯಿನ್ ಪಟ್ಟಣಗಳಲ್ಲಿ ಪಂದ್ಯಗಳು ನಡೆದವು. ಹೋಟೆಲ್ ಕೊಠಡಿಗಳ ಕೊರತೆ ಬಗ್ಗೆ ತಂಡಗಳು ದೂರಿದವು. ಕ್ಯೂಬಾದಿಂದ ವೈದ್ಯರನ್ನು ಕರೆಸಲಾಯಿತು. ಕ್ರೀಡಾಂಗಣದ ಬಾಗಿಲಲ್ಲಿ ಜ್ವರ ಪರೀಕ್ಷಿಸಿ, ಕೈಗೆ ಸ್ಯಾನಿಟೈಸರ್ ಹಾಕಿ ಜನರನ್ನು ಒಳಗೆ ಬಿಡಲಾಯಿತು.

ರೋಗದ ನೆಲೆಯಾಗಿದ್ದ ಗಿನಿ ದೇಶದ ತಂಡವೂ ಅರ್ಹತೆ ಗಳಿಸಿತ್ತು. ಮೊರಾಕೊ ಆತಿಥ್ಯ ಕಳೆದುಕೊಂಡ ಎಂಟು ದಿನಕ್ಕೆ, ಕಾಸಾಬ್ಲಾಂಕಾದಲ್ಲೇ ಉಗಾಂಡವನ್ನು ಸೋಲಿಸಿ ಅದು ಕೂಟಕ್ಕೆ ಬಂದಿತ್ತು. ಮೂರೂ ಲೀಗ್ ಪಂದ್ಯಗಳನ್ನು 1–1ರಿಂದ ಡ್ರಾ ಮಾಡಿಕೊಂಡು, ಮಾಲಿ ವಿರುದ್ಧ ಚೀಟಿ ಎತ್ತಿ ಕ್ವಾರ್ಟರ್‌ಫೈನಲ್ ತಲುಪಿತು. ಫೆಬ್ರುವರಿ 8ರ ಫೈನಲ್‌ನಲ್ಲಿ ಐವರಿ ಕೋಸ್ಟ್ ಪೆನಾಲ್ಟಿ ಶೂಟೌಟ್‌ನಲ್ಲಿ 9–8ರಿಂದ ಘಾನಾವನ್ನು ಮಣಿಸಿತು. ಕೂಟದಿಂದಾಗಿ ಎಬೋಲಾ ಹರಡಿದ ಒಂದೂ ಪ್ರಕರಣ ವರದಿಯಾಗಲಿಲ್ಲ. ಗಲಭೆ ನಡೆದದ್ದು ಬೇರೆ ಕಾರಣಕ್ಕೆ: ಘಾನಾ ವಿರುದ್ಧ ಆತಿಥೇಯರು ಸೋಲುತ್ತಿದ್ದ ಸೆಮಿಫೈನಲ್‌ನಲ್ಲಿ ಪ್ರೇಕ್ಷಕರು ವಸ್ತುಗಳನ್ನು ಎಸೆದು ಆಟವನ್ನೇ ನಿಲ್ಲಿಸಿದರು.

ಶಿಕ್ಷೆ ಮತ್ತು ತೀರ್ಪು

ಅದೇ ಫೆಬ್ರುವರಿಯಲ್ಲಿ ಒಕ್ಕೂಟ ಮೊರಾಕೊ ತಂಡವನ್ನು 2017 ಮತ್ತು 2019ರ ಕೂಟಗಳಿಂದ ನಿಷೇಧಿಸಿ, 10 ಲಕ್ಷ ಡಾಲರ್ ದಂಡ ಹಾಕಿ, 80 ಲಕ್ಷ ಯೂರೊಗೂ ಹೆಚ್ಚು ಪರಿಹಾರ ಕೇಳಿತು. ಸ್ವಿಟ್ಜರ್ಲೆಂಡ್‌ನ ಕ್ರೀಡಾ ನ್ಯಾಯಮಂಡಳಿ ಏಪ್ರಿಲ್ 2ರಂದು ನಿಷೇಧವನ್ನು ರದ್ದುಮಾಡಿ, ದಂಡವನ್ನು 50 ಸಾವಿರ ಡಾಲರ್‌ಗೆ ಇಳಿಸಿತು. ಕೂಟ ನಡೆಸುವುದು ಕಷ್ಟವಾಗಿತ್ತೇ ಹೊರತು ಅಸಾಧ್ಯವಾಗಿರಲಿಲ್ಲ, ಆದರೂ ಶಿಕ್ಷೆ ಅತಿಯಾಯಿತು ಎಂಬುದು ತೀರ್ಪಿನ ಸಾರ. ಮೊರಾಕೊ 2017ರ ಕೂಟದಲ್ಲಿ ಆಡಿತು. ಕೈತಪ್ಪಿದ ಆತಿಥ್ಯ ಮತ್ತೆ ಸಿಗಲು 2025ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು.

ಬೇರೆ ರೋಗ, ಬೇರೆ ಉತ್ತರ

ಕೋವಿಡ್ ಬಂದಾಗ ಇದೇ ಪ್ರಶ್ನೆಯ ಉತ್ತರ ತಲೆಕೆಳಗಾಯಿತು. ಲಕ್ಷಣ ಕಾಣುವ ಮೊದಲೇ, ಉಸಿರಿನ ಮೂಲಕ ಹರಡುವ ಆ ರೋಗಕ್ಕೆ ಬಾಗಿಲಲ್ಲಿ ಜ್ವರ ನೋಡುವ ಉಪಾಯ ಸಾಲುತ್ತಿರಲಿಲ್ಲ. 2020ರ ಫೆಬ್ರುವರಿ 19ರಂದು ಮಿಲಾನ್‌ನಲ್ಲಿ ನಡೆದ ಅಟಲಾಂಟಾ–ವಲೆನ್ಸಿಯಾ ಪಂದ್ಯಕ್ಕೆ 40 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಬೆರ್ಗಮೊ ಪ್ರದೇಶದಲ್ಲಿ ಸೋಂಕು ಉಲ್ಬಣಿಸಲು ಆ ಪಂದ್ಯವೂ ಒಂದು ಕಾರಣವೆಂದು ಹಲವರು ಶಂಕಿಸಿದರು. ಮಾರ್ಚ್ 17ರಂದು ಯೂರೊ ಕಪ್ ಒಂದು ವರ್ಷ ಮುಂದಕ್ಕೆ ಹೋಯಿತು. 2021ರಲ್ಲಿ ಅದು ನಡೆದಾಗ ಸ್ಕಾಟ್‌ಲೆಂಡ್ ಆರೋಗ್ಯ ಇಲಾಖೆ ಕೂಟಕ್ಕೆ ನಂಟಿರುವ 1,991 ಪ್ರಕರಣಗಳನ್ನು ಗುರುತಿಸಿತು. ಅವರಲ್ಲಿ ವೆಂಬ್ಲಿ ಕ್ರೀಡಾಂಗಣದ ಒಳಗೆ ಹೋಗಿದ್ದವರು 397 ಮಂದಿ ಮಾತ್ರ. ಉಳಿದವರಲ್ಲಿ ಹೆಚ್ಚಿನವರು ಪಂದ್ಯಕ್ಕಾಗಿ ಪ್ರಯಾಣ ಮಾಡಿದವರು, ಪಬ್‌ಗಳಲ್ಲೋ ಮನೆಗಳಲ್ಲೋ ಗುಂಪುಗೂಡಿ ನೋಡಿದವರು. ಅಂದರೆ ಖಾಲಿ ಕ್ರೀಡಾಂಗಣದಲ್ಲಿ ಆಡಿಸಿದರೂ ಅಪಾಯ ಪೂರ್ತಿ ನೀಗುವುದಿಲ್ಲ.

ಭಾರತಕ್ಕೂ ಇದರ ಬಿಸಿ ತಟ್ಟಿತು. 2022ರ ಜನವರಿಯಲ್ಲಿ ಮಹಾರಾಷ್ಟ್ರದಲ್ಲಿ ನಡೆದ ಮಹಿಳೆಯರ ಏಷ್ಯಾ ಕಪ್ ಫುಟ್‌ಬಾಲ್‌ನಲ್ಲಿ ಆತಿಥೇಯ ಭಾರತ ತಂಡದ ಹಲವು ಆಟಗಾರ್ತಿಯರಿಗೆ ಕೋವಿಡ್ ತಗುಲಿತು. ಚೈನೀಸ್ ತೈಪೆ ವಿರುದ್ಧ ಕಣಕ್ಕಿಳಿಸಲು ಬೇಕಾದಷ್ಟು ಆಟಗಾರ್ತಿಯರಿಲ್ಲದೆ ತಂಡ ಕೂಟದಿಂದಲೇ ಹೊರಬಿತ್ತು.

ಈ ಪ್ರಕರಣಗಳನ್ನು ಒಟ್ಟಿಗಿಟ್ಟು ನೋಡಿದರೆ ಪರಿಶೀಲಿಸಬೇಕಾದ ಅಂಶಗಳು ಸ್ಪಷ್ಟವಾಗುತ್ತವೆ. ರೋಗ ಹೇಗೆ ಹರಡುತ್ತದೆ, ಲಕ್ಷಣಕ್ಕೆ ಮೊದಲೋ ಆಮೇಲೋ ಎಂಬುದು ಮೊದಲನೆಯದು. ಒಬ್ಬ ರೋಗಿ ಬಂದರೆ ಸಂಪರ್ಕಿತರನ್ನು ಪತ್ತೆಹಚ್ಚುವ ಶಕ್ತಿ ಆ ಊರಿನ ಆರೋಗ್ಯ ವ್ಯವಸ್ಥೆಗಿದೆಯೇ ಎಂಬುದು ಎರಡನೆಯದು. ಕ್ರೀಡಾಂಗಣದ ಹೊರಗೆ ಎಷ್ಟು ಜನ ಸೇರುತ್ತಾರೆ, ಎಲ್ಲಿಂದ ಬರುತ್ತಾರೆ ಎಂಬುದು ಮೂರನೆಯದು. ಇವಿಷ್ಟರ ಮೇಲೆ ಅಳೆದರೆ 2015ರ ಕೂಟ ನಡೆಸಬಹುದಾಗಿತ್ತು, 2020ರ ಯೂರೊ ಮುಂದೂಡಲೇಬೇಕಿತ್ತು.

ನಾಲ್ಕನೆಯ ಅಂಶ ವೈದ್ಯಕೀಯದ್ದಲ್ಲ, ಆಡಳಿತದ್ದು. 2003ರಲ್ಲಿ ಸಾರ್ಸ್ ರೋಗ ಹರಡಿದಾಗ ಫಿಫಾ ಮಹಿಳಾ ವಿಶ್ವಕಪ್ಪನ್ನು ಚೀನಾದಿಂದ ಅಮೆರಿಕಕ್ಕೆ ಸಾಗಿಸಿತು. ತೀರ್ಮಾನ ಮೇ ತಿಂಗಳಲ್ಲೇ ಆಯಿತು, ಕೂಟ ಸೆಪ್ಟೆಂಬರ್‌ನಲ್ಲಿ ಶುರುವಾಯಿತು, ಚೀನಾಕ್ಕೆ 2007ರ ಆತಿಥ್ಯ ಸಿಕ್ಕಿತು. ಮೊರಾಕೊಗೆ ಸಿಕ್ಕಿದ್ದು ನಿಷೇಧ ಮತ್ತು ದಂಡ. ಅದರ ಭಯ ಅಪಾಯಕ್ಕಿಂತ ದೊಡ್ಡದಾಗಿತ್ತು ಎಂದು ಒಪ್ಪಿಕೊಂಡರೂ, ರೋಗದ ಕಾರಣ ಹೇಳಿ ಸಮಯ ಕೇಳಿದ ಆತಿಥೇಯನನ್ನು ಶಿಕ್ಷಿಸುವ ನಿಯಮ ಮುಂದಿನ ಆತಿಥೇಯನಿಗೆ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಸುತ್ತದೆ. ಎಬೋಲಾಗಿಂತ ಸುಲಭವಾಗಿ ಹರಡುವ ರೋಗ ಬಂದಾಗ ಆ ಮೌನದ ಬೆಲೆ ತೆರಬೇಕಾದವರು ಪ್ರೇಕ್ಷಕರು. ಕೂಟ ನಡೆಸುವುದೋ ಬಿಡುವುದೋ ಎಂಬುದು ರೋಗದಿಂದ ರೋಗಕ್ಕೆ ಬದಲಾಗಬಹುದು. ಮುಂದೂಡಿಕೆ ಕೇಳಿದವರಿಗೆ ದಂಡವಿಲ್ಲದ, ನಷ್ಟವನ್ನು ಒಕ್ಕೂಟ ಮತ್ತು ಆತಿಥೇಯ ಹಂಚಿಕೊಳ್ಳುವ ಕರಾರು ಮಾತ್ರ ಎಲ್ಲ ರೋಗಕ್ಕೂ ಮೊದಲೇ ಸಿದ್ಧವಿರಬೇಕು.