ಮೆತ್ತಗಾದ ಬ್ರೇಕು

ಹಳೆಯ ಅಂಬಾಸಿಡರ್ ಕಾರನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿರುವವರು ನಮ್ಮಲ್ಲಿ ಇದ್ದಾರೆ. ಬಂಗಾಳದ ಉತ್ತರಪಾರಾದಲ್ಲಿ 1957ರಲ್ಲಿ ಆರಂಭವಾದ ಅದರ ತಯಾರಿಕೆ 2014ರಲ್ಲಿ ನಿಂತುಹೋಯಿತು. ಇಂತಹ ಕಾರಿನ ಬ್ರೇಕನ್ನು ತುಳಿದಾಗ ಪಾದಕ್ಕೆ ಗಟ್ಟಿಯಾದ ತಡೆ ದೊರೆಯಬೇಕು. ಹಾಗಾಗದೆ, ಹತ್ತಿಯ ದಿಂಬನ್ನು ಒತ್ತಿದಂತೆ ಪೆಡಲು ಮೆತ್ತಗೆ ಕುಸಿಯಿತೆನ್ನೋಣ. ಅದನ್ನು ಕಡೆಗಣಿಸಿ ಆಗುಂಬೆಯ ಘಟ್ಟವನ್ನು ಇಳಿಯಹೊರಟರೆ ಪ್ರಾಣಕ್ಕೇ ಅಪಾಯ.

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡವು ಕುಂದದೆ ಎಲ್ಲೆಡೆಗೂ ಹರಡುವುದೆಂದು ಫ್ರಾನ್ಸಿನ ಪ್ಯಾಸ್ಕಲನು 17ನೆಯ ಶತಮಾನದಲ್ಲಿಯೇ ತೋರಿಸಿದನು. ದ್ರವಬ್ರೇಕಿನ ಮೂಲತತ್ತ್ವ ಇದೇ. ಪೆಡಲು ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುತ್ತದೆ. ಒತ್ತಡವು ಕೊಳವೆಗಳ ಮೂಲಕ ಚಕ್ರಗಳಲ್ಲಿರುವ ಸಿಲಿಂಡರುಗಳನ್ನು ತಲಪುತ್ತದೆ. ಅಲ್ಲಿನ ಪಿಸ್ಟನ್ನುಗಳು ಬ್ರೇಕ್ ಷೂಗಳನ್ನು ಡ್ರಮ್ಮಿಗೆ ಒತ್ತುತ್ತವೆ.

ದ್ರವವು ಸುಲಭವಾಗಿ ಕುಗ್ಗದಿರುವುದರಿಂದಲೇ ಇದು ಸಾಧ್ಯ. ವಾಯುಮಂಡಲದ 50ರಷ್ಟು ಒತ್ತಡಕ್ಕೂ ನೀರು ತನ್ನ ಗಾತ್ರದ 400ರಲ್ಲಿ ಒಂದು ಪಾಲಿಗಿಂತ ಹೆಚ್ಚು ಕುಗ್ಗದು. ಬ್ರೇಕಿನ ದ್ರವವೂ ಹೆಚ್ಚುಕಡಿಮೆ ಹಾಗೆಯೇ. ಗಾಳಿಯ ಸ್ವಭಾವ ಬೇರೆ. ಉಷ್ಣತೆ ಬದಲಾಗದಿದ್ದರೆ, ಅದೇ ಒತ್ತಡದಲ್ಲಿ ಗಾಳಿಯು 50ರಲ್ಲಿ ಒಂದು ಪಾಲಿಗೆ ಇಳಿಯುವುದೆಂದು ಬಾಯ್ಲನ ನಿಯಮ ತಿಳಿಸುತ್ತದೆ.

ಒಂದು ಲೆಕ್ಕವನ್ನು ಮಾಡೋಣ. ಮಾಸ್ಟರ್ ಸಿಲಿಂಡರಿನ ಅಡ್ಡಕೊಯ್ತದ ವಿಸ್ತೀರ್ಣ 4 ಚದರ ಸೆಂಟಿಮೀಟರು ಇರಲಿ; ಪೆಡಲಿನ ಚಲನೆ ಪಿಸ್ಟನ್ನಿನದಕ್ಕಿಂತ 5 ಪಟ್ಟು ಇರಲಿ. ಕೊಳವೆಯಲ್ಲಿ 1 ಘನ ಸೆಂಟಿಮೀಟರು ಗಾಳಿ ಸೇರಿದರೆ, ಅದನ್ನು ಹಿಂಡಲೆಂದೇ ಪಿಸ್ಟನ್ನು ಸುಮಾರು 2.5 ಮಿಲಿಮೀಟರು, ಪೆಡಲು ಸುಮಾರು 12 ಮಿಲಿಮೀಟರು ಹೆಚ್ಚಾಗಿ ಚಲಿಸಬೇಕು. ಗಾಳಿ ಇನ್ನೂ ಹೆಚ್ಚಿದರೆ, ಷೂಗಳು ಡ್ರಮ್ಮನ್ನು ಬಿಗಿಯಾಗಿ ಒತ್ತುವ ಮೊದಲೇ ಪೆಡಲು ನೆಲವನ್ನು ಮುಟ್ಟೀತು.

ಈ ಗಾಳಿಯನ್ನು ಹೊರಡಿಸುವುದಕ್ಕೆ ಇಬ್ಬರು ಬೇಕು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ, ನಮ್ಮ ಕಾರುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎಡಚಕ್ರದಿಂದ, ಮೊದಲುಮಾಡಬೇಕು. ಅಲ್ಲಿರುವ ಬ್ಲೀಡರ್ ತಿರುಪಿಗೆ ಪಾರದರ್ಶಕ ನಳಿಗೆಯೊಂದನ್ನು ಸಿಕ್ಕಿಸಿ, ಅದರ ಮತ್ತೊಂದು ತುದಿಯನ್ನು ಸೀಸೆಯಲ್ಲಿರುವ ಬ್ರೇಕ್ ದ್ರವದಲ್ಲಿ ಮುಳುಗಿಸಬೇಕು. ಒಬ್ಬರು ಪೆಡಲನ್ನು ಒತ್ತಿ ಹಿಡಿದಾಗ ಮತ್ತೊಬ್ಬರು ತಿರುಪನ್ನು ಸಡಿಲಿಸಬೇಕು, ಗುಳ್ಳೆಗಳು ಹೊರಬೀಳುತ್ತವೆ. ತಿರುಪನ್ನು ಬಿಗಿದ ಮೇಲೆಯೇ ಪೆಡಲನ್ನು ಬಿಡಬೇಕು. ಇಲ್ಲವಾದರೆ ಗಾಳಿ ಮತ್ತೆ ಒಳಸೇರೀತು. ಗುಳ್ಳೆಗಳು ನಿಲ್ಲುವವರೆಗೆ ಹೀಗೆ ಮಾಡಿ, ಉಳಿದ ಚಕ್ರಗಳಿಗೆ ಹೋಗಬೇಕು. ಈ ನಡುವೆ ಮೇಲಿನ ದ್ರವಪಾತ್ರೆ ಬರಿದಾಗಕೂಡದು. ಹೊರಬಂದ ದ್ರವವನ್ನು ಮರಳಿ ಬಳಸಲಾಗದು.

ಎಲ್ಲ ದೋಷಕ್ಕೂ ಗಾಳಿಯೇ ಕಾರಣವಲ್ಲ. ಒತ್ತಿ ಹಿಡಿದ ಪೆಡಲು ನಿಧಾನವಾಗಿ ಇಳಿಯುತ್ತಿದ್ದರೆ ಎಲ್ಲಿಯೋ ಸೋರಿಕೆಯಿದೆ. ಹೊರಗೆ ಹನಿ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ರಬ್ಬರು ಸವೆದಿರಬಹುದು. ಪೆಡಲು ಬಹಳ ಕೆಳಗಿಳಿದು, ಬಳಿಕ ಗಟ್ಟಿಯಾಗಿ ನಿಂತರೆ ಷೂಗಳ ಅಂತರವನ್ನು ಸರಿಪಡಿಸಬೇಕು. ಕಾರು ಒಂದು ಬದಿಗೆ ಎಳೆದರೆ, ಒಂದು ಚಕ್ರದ ಪಿಸ್ಟನ್ನು ಸಿಕ್ಕಿಕೊಂಡಿರಬಹುದು, ಇಲ್ಲವೆ ಲೈನಿಂಗಿಗೆ ಎಣ್ಣೆ ತಗಲಿರಬಹುದು.

ಬ್ರೇಕಿನ ಸಾಮಾನ್ಯ ದ್ರವವು ಗಾಳಿಯ ತೇವವನ್ನು ಹೀರುತ್ತದೆ. ಇದರಿಂದ ಅದರ ಕುದಿಬಿಂದು ತಗ್ಗುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹೀರಿದ ಮೇಲೆ ಅದಕ್ಕೆ ವಿಧಿಸಿರುವ ಕನಿಷ್ಠ ಮಿತಿ 140 ಮಾತ್ರ. ಇಳಿಜಾರಿನಲ್ಲಿ ಒಂದೇಸಮನೆ ಬ್ರೇಕು ತುಳಿದರೆ ಡ್ರಮ್ಮು ಕಾದು, ದ್ರವವು ಕುದಿದು, ಆವಿಯ ಗುಳ್ಳೆಗಳು ಏಳಬಹುದು. ಆವಿಯೂ ಗಾಳಿಯಂತೆಯೇ ಒತ್ತಡಕ್ಕೆ ಸೋಲುತ್ತದೆ. ಆ ಕಾಲದ ಬಹುಪಾಲು ಕಾರುಗಳಲ್ಲಿ ನಾಲ್ಕು ಚಕ್ರಗಳಿಗೂ ದ್ರವಮಾರ್ಗ ಒಂದೇ ಆದುದರಿಂದ, ಅದು ಕೈಕೊಟ್ಟರೆ ಕಾಲಿನ ಬ್ರೇಕು ಪೂರ್ತಿಯಾಗಿ ಹೋದಂತೆಯೇ. ಆದ್ದರಿಂದ ಘಟ್ಟವನ್ನು ಕೆಳಗಿನ ಗೇರಿನಲ್ಲಿ ಇಳಿಯಬೇಕು. ಹೊರಡುವ ಮುನ್ನ, ಕಾರು ನಿಂತಿರುವಾಗಲೇ, ಪೆಡಲನ್ನೊಮ್ಮೆ ಒತ್ತಿ ನೋಡಬೇಕು.