ಹ್ಯಾಟಿ ಮೆಕ್‌ಡೇನಿಯಲ್

ಹ್ಯಾಟಿ ಮೆಕ್‌ಡೇನಿಯಲ್ (ಜೂನ್ 10, 1893 – ಅಕ್ಟೋಬರ್ 26, 1952) ಅಮೆರಿಕ ಸಂಯುಕ್ತ ಸಂಸ್ಥಾನದ ಚಲನಚಿತ್ರ ನಟಿ, ಗಾಯಕಿ ಮತ್ತು ಬಾನುಲಿ ಕಲಾವಿದೆ. 1939ರಲ್ಲಿ ತೆರೆಕಂಡ 'ಗಾನ್ ವಿತ್ ದಿ ವಿಂಡ್' ಚಿತ್ರದ 'ಮ್ಯಾಮಿ' ಪಾತ್ರಕ್ಕಾಗಿ ಇವರು ಅತ್ಯುತ್ತಮ ಪೋಷಕ ನಟಿ ಅಕಾಡೆಮಿ ಪ್ರಶಸ್ತಿಯನ್ನು ಪಡೆದರು. ಈ ಪ್ರಶಸ್ತಿ ಆಸ್ಕರ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಆಸ್ಕರ್‌ಗೆ ನಾಮನಿರ್ದೇಶನಗೊಂಡ ಮತ್ತು ಅದನ್ನು ಗೆದ್ದ ಮೊದಲ ಆಫ್ರಿಕನ್-ಅಮೆರಿಕನ್ ಕಲಾವಿದರು ಇವರೇ. ಜನಾಂಗೀಯ ಪ್ರತ್ಯೇಕತೆ ಜಾರಿಯಲ್ಲಿದ್ದ ಕಾಲದಲ್ಲಿ ಬದುಕಿದ ಇವರಿಗೆ ಚಿತ್ರರಂಗದ ಅತ್ಯುನ್ನತ ಪ್ರಶಸ್ತಿ ದೊರೆತರೂ, ತಾವು ಬಯಸಿದ ಸ್ಮಶಾನದಲ್ಲಿ ಸಮಾಧಿಯ ಜಾಗ ದೊರೆಯಲಿಲ್ಲ. ಇವರಿಗೆ ಸಂದ ಗೌರವಗಳಲ್ಲಿ ಹೆಚ್ಚಿನವು ಮರಣದ ನಂತರದವು. ಅವುಗಳಲ್ಲಿ ಕೆಲವು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಬಂದವು.

ಜನನ ಮತ್ತು ಬಾಲ್ಯ

ಮೆಕ್‌ಡೇನಿಯಲ್ ಅವರು ಕ್ಯಾನ್ಸಸ್ ರಾಜ್ಯದ ವಿಚಿಟಾ ನಗರದಲ್ಲಿ ಜನಿಸಿದರು. ಕೆಲವೆಡೆ ಇವರ ಜನನ ವರ್ಷವನ್ನು 1895 ಎಂದು ನಮೂದಿಸಲಾಗಿದೆ. ಹದಿಮೂರು ಮಕ್ಕಳಲ್ಲಿ ಇವರೇ ಕಿರಿಯರು. ತಂದೆ ಹೆನ್ರಿ ಮೆಕ್‌ಡೇನಿಯಲ್ ಗುಲಾಮಗಿರಿಯಲ್ಲಿ ಹುಟ್ಟಿದವರು. ಅಮೆರಿಕದ ಅಂತರ್ಯುದ್ಧದಲ್ಲಿ ಒಕ್ಕೂಟದ ಸೇನೆಯ ಪರವಾಗಿ ಹೋರಾಡಿದ್ದರು. ತಾಯಿ ಸೂಸನ್ ಹಾಲ್ಬರ್ಟ್ ಭಕ್ತಿಗೀತೆಗಳ ಗಾಯಕಿಯಾಗಿದ್ದರು. ಕುಟುಂಬವು ಕೊಲೊರಾಡೊ ರಾಜ್ಯಕ್ಕೆ ವಲಸೆ ಹೋಗಿ, ಮೊದಲು ಫೋರ್ಟ್ ಕಾಲಿನ್ಸ್‌ನಲ್ಲಿಯೂ ನಂತರ ಡೆನ್ವರ್‌ನಲ್ಲಿಯೂ ನೆಲೆಸಿತು. ಹ್ಯಾಟಿ ಡೆನ್ವರ್‌ನ ಈಸ್ಟ್ ಪ್ರೌಢಶಾಲೆಯಲ್ಲಿ ವ್ಯಾಸಂಗ ಮಾಡಿದರು. ಸೋದರ ಓಟಿಸ್ ನಡೆಸುತ್ತಿದ್ದ ಸಂಚಾರಿ ತಂಡದಲ್ಲಿ ಹಾಡುತ್ತ, ಹಾಸ್ಯಪಾತ್ರಗಳನ್ನು ಅಭಿನಯಿಸುತ್ತ ಇವರ ಕಲಾಜೀವನ ಆರಂಭವಾಯಿತು.

ಗಾಯನ ಮತ್ತು ಬಾನುಲಿ

1920ರ ದಶಕದ ಮೊದಲ ಭಾಗದಲ್ಲಿ ಇವರು ಜಾರ್ಜ್ ಮಾರಿಸನ್ ಅವರ ಸಂಗೀತ ತಂಡದೊಡನೆ ಪ್ರವಾಸ ಮಾಡಿದರು. ಡೆನ್ವರ್‌ನ ಕೆಒಎ ಬಾನುಲಿ ಕೇಂದ್ರದಲ್ಲಿ ಹಾಡಿದರು. 1926ರಿಂದ 1929ರ ನಡುವೆ ಓಕೆ ಮತ್ತು ಪ್ಯಾರಾಮೌಂಟ್ ಧ್ವನಿಮುದ್ರಣ ಸಂಸ್ಥೆಗಳಿಗಾಗಿ ಬ್ಲೂಸ್ ಗೀತೆಗಳನ್ನು ಹಾಡಿದರು. ಈ ಗೀತೆಗಳಲ್ಲಿ ಹಲವು ಇವರ ಸ್ವಂತ ರಚನೆಗಳು.

1929ರ ಷೇರು ಮಾರುಕಟ್ಟೆಯ ಕುಸಿತದ ನಂತರ ರಂಗ ಪ್ರದರ್ಶನಗಳು ನಿಂತುಹೋದವು. ಮಿಲ್ವಾಕಿ ನಗರದ ಸಮೀಪದ ಕ್ಲಬ್ ಒಂದರಲ್ಲಿ ಇವರಿಗೆ ಸಿಕ್ಕಿದ್ದು ಮಹಿಳೆಯರ ಶೌಚಾಲಯದ ಪರಿಚಾರಿಕೆಯ ಕೆಲಸ. ಮುಂದೆ ಅದೇ ಕ್ಲಬ್ಬಿನ ವೇದಿಕೆಯಲ್ಲಿ ಹಾಡುವ ಅವಕಾಶ ಒದಗಿತು. 1931ರಲ್ಲಿ ಇವರು ಲಾಸ್ ಏಂಜಲೀಸ್ ನಗರಕ್ಕೆ ಬಂದರು. ಸೋದರ ಸ್ಯಾಮ್ ಮತ್ತು ಸೋದರಿಯರು ಆಗಲೇ ಅಲ್ಲಿದ್ದರು. ಸ್ಯಾಮ್ ಕೆಲಸ ಮಾಡುತ್ತಿದ್ದ ಬಾನುಲಿ ಕಾರ್ಯಕ್ರಮದಲ್ಲಿ ಹ್ಯಾಟಿ 'ಹೈ-ಹ್ಯಾಟ್ ಹ್ಯಾಟಿ' ಎಂಬ ಪಾತ್ರದಿಂದ ಜನಪ್ರಿಯರಾದರು. ಆದರೆ ಬಾನುಲಿಯ ಸಂಬಳ ಸಾಲದೆ ಮನೆಗೆಲಸವನ್ನೂ ಮಾಡಬೇಕಾಗಿತ್ತು.

ಚಲನಚಿತ್ರ ವೃತ್ತಿ

ಇವರ ಚಿತ್ರಜೀವನ 1932ರ 'ದಿ ಗೋಲ್ಡನ್ ವೆಸ್ಟ್' ಚಿತ್ರದೊಂದಿಗೆ ಪ್ರಾರಂಭವಾಯಿತು. 1934ರಲ್ಲಿ ಜಾನ್ ಫೋರ್ಡ್ ನಿರ್ದೇಶನದ 'ಜಡ್ಜ್ ಪ್ರೀಸ್ಟ್' ಚಿತ್ರದಲ್ಲಿ ಗಮನಾರ್ಹ ಪಾತ್ರ ದೊರೆಯಿತು. 1935ರಲ್ಲಿ 'ದಿ ಲಿಟ್ಲ್ ಕರ್ನಲ್' ಹಾಗೂ 'ಆಲಿಸ್ ಆಡಮ್ಸ್', 1936ರಲ್ಲಿ 'ಶೋ ಬೋಟ್' ಚಿತ್ರಗಳಲ್ಲಿ ಅಭಿನಯಿಸಿದರು. ಇವರು ಒಟ್ಟು 300ಕ್ಕೂ ಹೆಚ್ಚು ಚಿತ್ರಗಳಲ್ಲಿ ಕಾಣಿಸಿಕೊಂಡರೆಂಬ ಅಂದಾಜಿದೆ. ಆದರೆ ತೆರೆಯ ಮೇಲೆ ಇವರ ಹೆಸರು ಮೂಡಿದ್ದು ಸುಮಾರು 80 ಚಿತ್ರಗಳಲ್ಲಿ ಮಾತ್ರ. ಪಾತ್ರಗಳೂ ಬಹುಪಾಲು ಅಡುಗೆಯವಳು ಅಥವಾ ಮನೆಗೆಲಸದಾಕೆಯವು. ಅಂದಿನ ಹಾಲಿವುಡ್ ಕಪ್ಪು ಜನಾಂಗದ ನಟಿಯರಿಗೆ ಇದಕ್ಕಿಂತ ಬೇರೆ ಅವಕಾಶಗಳನ್ನು ನೀಡುತ್ತಿದ್ದುದು ವಿರಳ.

ಗಾನ್ ವಿತ್ ದಿ ವಿಂಡ್

ಮಾರ್ಗರೆಟ್ ಮಿಚೆಲ್ ಅವರ ಕಾದಂಬರಿಯನ್ನು ಆಧರಿಸಿ ಡೇವಿಡ್ ಒ. ಸೆಲ್ಜ್‌ನಿಕ್ ನಿರ್ಮಿಸಿದ ಈ ಚಿತ್ರದಲ್ಲಿ ಮೆಕ್‌ಡೇನಿಯಲ್ ಅವರದು ನಾಯಕಿ ಸ್ಕಾರ್ಲೆಟ್ ಒಹಾರಾಳ ಮನೆಯ ದಾಸಿಯ ಪಾತ್ರ. ನಾಯಕಿಯಾಗಿ ವಿವಿಯನ್ ಲೀ ಮತ್ತು ನಾಯಕನಾಗಿ ಕ್ಲಾರ್ಕ್ ಗೇಬಲ್ ನಟಿಸಿದ್ದರು. ಒಡತಿಯನ್ನು ಗದರಿಸಿ ತಿದ್ದುವ, ಮನೆಯ ಸಂಕಟಗಳನ್ನೆಲ್ಲ ಹೊರುವ 'ಮ್ಯಾಮಿ'ಯ ಪಾತ್ರವನ್ನು ಇವರು ಹಾಸ್ಯ ಮತ್ತು ದುಃಖಗಳೆರಡನ್ನೂ ಬೆರೆಸಿ ನಿರ್ವಹಿಸಿದರು.

ಚಿತ್ರದ ಪ್ರಥಮ ಪ್ರದರ್ಶನವು 1939ರ ಡಿಸೆಂಬರ್ 15ರಂದು ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದ ಲೋಸ್ ಗ್ರ್ಯಾಂಡ್ ಚಿತ್ರಮಂದಿರದಲ್ಲಿ ನಡೆಯಿತು. ಜಾರ್ಜಿಯಾದಲ್ಲಿ ಜನಾಂಗೀಯ ಪ್ರತ್ಯೇಕತೆಯ ಕಾನೂನುಗಳು ಜಾರಿಯಲ್ಲಿದ್ದುದರಿಂದ ಮೆಕ್‌ಡೇನಿಯಲ್ ಸೇರಿದಂತೆ ಚಿತ್ರದ ಕಪ್ಪು ಕಲಾವಿದರಾರೂ ಅದರಲ್ಲಿ ಭಾಗವಹಿಸಲಾಗಲಿಲ್ಲ. ಇದರಿಂದ ಸಿಟ್ಟಾದ ಕ್ಲಾರ್ಕ್ ಗೇಬಲ್ ಪ್ರದರ್ಶನವನ್ನು ಬಹಿಷ್ಕರಿಸಲು ಮುಂದಾಗಿದ್ದರೆಂದೂ, ಮೆಕ್‌ಡೇನಿಯಲ್ ಅವರೇ ಅವರ ಮನವೊಲಿಸಿ ಕಳುಹಿಸಿದರೆಂದೂ ಹೇಳಲಾಗುತ್ತದೆ.

ಅಕಾಡೆಮಿ ಪ್ರಶಸ್ತಿ

ಹನ್ನೆರಡನೆಯ ಅಕಾಡೆಮಿ ಪ್ರಶಸ್ತಿ ಸಮಾರಂಭವು 1940ರ ಫೆಬ್ರವರಿ 29ರಂದು ಲಾಸ್ ಏಂಜಲೀಸ್‌ನ ಅಂಬಾಸಿಡರ್ ಹೋಟೆಲಿನ ಕೋಕೋನಟ್ ಗ್ರೋವ್ ಸಭಾಂಗಣದಲ್ಲಿ ಜರುಗಿತು. ಆ ಹೋಟೆಲಿನಲ್ಲಿ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ನಿರ್ಮಾಪಕ ಸೆಲ್ಜ್‌ನಿಕ್ ವಿಶೇಷವಾಗಿ ಕೋರಿಕೊಂಡ ಮೇಲೆ ಮೆಕ್‌ಡೇನಿಯಲ್ ಅವರಿಗೆ ಒಳಬರಲು ಅನುಮತಿ ದೊರೆಯಿತು. ಆದರೂ ಚಿತ್ರದ ಇತರ ಕಲಾವಿದರ ಜೊತೆಯಲ್ಲಿ ಇವರನ್ನು ಕೂರಿಸಲಿಲ್ಲ. ಗೋಡೆಯ ಪಕ್ಕದ ಚಿಕ್ಕ ಮೇಜೊಂದರಲ್ಲಿ ಪ್ರತ್ಯೇಕವಾಗಿ ಸ್ಥಳ ನೀಡಲಾಗಿತ್ತು. ಅದೇ ಚಿತ್ರದ ಒಲಿವಿಯಾ ಡಿ ಹ್ಯಾವಿಲೆಂಡ್ ಕೂಡ ಅದೇ ವಿಭಾಗದಲ್ಲಿ ಸ್ಪರ್ಧೆಯಲ್ಲಿದ್ದರು. ನಟಿ ಫೇ ಬೇಂಟರ್ ಅವರಿಂದ ಪ್ರಶಸ್ತಿ ಸ್ವೀಕರಿಸಿದ ಮೆಕ್‌ಡೇನಿಯಲ್, ತಮ್ಮ ಜನಾಂಗಕ್ಕೂ ಚಿತ್ರೋದ್ಯಮಕ್ಕೂ ಸದಾ ಕೀರ್ತಿ ತರುವಂತಾಗಲಿ ಎಂದು ಆಶಿಸಿ ಕಿರುಭಾಷಣ ಮಾಡಿದರು.

ಆ ಕಾಲದಲ್ಲಿ ಪೋಷಕ ಕಲಾವಿದರಿಗೆ ಪೂರ್ಣ ಪ್ರತಿಮೆಯನ್ನು ಕೊಡುತ್ತಿರಲಿಲ್ಲ. ಪ್ರತಿಮೆಯ ಉಬ್ಬುಚಿತ್ರವುಳ್ಳ ಚಿಕ್ಕ ಫಲಕವನ್ನು ಕೊಡಲಾಗುತ್ತಿತ್ತು. ಮೆಕ್‌ಡೇನಿಯಲ್ ಅವರಿಗೆ ದೊರೆತದ್ದೂ ಅಂಥ ಫಲಕವೇ. ಇವರ ನಂತರ ಅಭಿನಯಕ್ಕಾಗಿ ಸ್ಪರ್ಧಾತ್ಮಕ ಆಸ್ಕರ್ ಪಡೆದ ಕಪ್ಪು ಕಲಾವಿದರೆಂದರೆ 1964ರಲ್ಲಿ ಸಿಡ್ನಿ ಪಾಯ್ಟಿಯರ್. ಇವರ ನಂತರ ಆಸ್ಕರ್ ಪಡೆದ ಮೊದಲ ಕಪ್ಪು ನಟಿ ವೂಪಿ ಗೋಲ್ಡ್‌ಬರ್ಗ್. ಅವರಿಗೆ ಪ್ರಶಸ್ತಿ ಬಂದದ್ದು 1991ರಲ್ಲಿ, ಅಂದರೆ 51 ವರ್ಷಗಳ ನಂತರ.

ಟೀಕೆಗಳು

ಕಪ್ಪು ಜನರ ನಾಗರಿಕ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಸ್ಥೆಯ ಮುಖಂಡ ವಾಲ್ಟರ್ ವೈಟ್, ಹಾಲಿವುಡ್ ಚಿತ್ರಗಳಲ್ಲಿ ಕಪ್ಪು ಜನರನ್ನು ಸೇವಕರನ್ನಾಗಿಯೇ ತೋರಿಸುವುದನ್ನು ವಿರೋಧಿಸಿದರು. 1942ರಲ್ಲಿ ಅವರು ಸ್ಟುಡಿಯೊ ಮುಖ್ಯಸ್ಥರೊಡನೆ ಈ ಕುರಿತು ಮಾತುಕತೆ ನಡೆಸಿದರು. ಅಂಥ ಪಾತ್ರಗಳನ್ನು ಒಪ್ಪಿಕೊಂಡ ಮೆಕ್‌ಡೇನಿಯಲ್ ಕೂಡ ಟೀಕೆಗೆ ಗುರಿಯಾದರು. ಮನೆಗೆಲಸದವಳ ಪಾತ್ರ ಮಾಡುವುದು ನಿಜವಾಗಿ ಮನೆಗೆಲಸ ಮಾಡಿ ಬದುಕುವುದಕ್ಕಿಂತ ಮೇಲೆಂಬುದು ಇವರ ಸಮರ್ಥನೆಯಾಗಿತ್ತು. ಎರಡನ್ನೂ ಅನುಭವಿಸಿದ್ದ ಇವರ ಈ ಮಾತು ಇಂದಿಗೂ ಚರ್ಚೆಯಲ್ಲಿದೆ.

ಚಿತ್ರದ ಕುರಿತಾದ ವಿವಾದವೂ ಮುಗಿದಿಲ್ಲ. ಗುಲಾಮಗಿರಿಯನ್ನು ಸೌಮ್ಯವಾಗಿ ಚಿತ್ರಿಸಿದೆ ಎಂಬ ಆಕ್ಷೇಪದ ಹಿನ್ನೆಲೆಯಲ್ಲಿ 2020ರ ಜೂನ್‌ನಲ್ಲಿ ಎಚ್‌ಬಿಒ ಮ್ಯಾಕ್ಸ್ ಈ ಚಿತ್ರವನ್ನು ತಾತ್ಕಾಲಿಕವಾಗಿ ಹಿಂತೆಗೆದು, ಐತಿಹಾಸಿಕ ಹಿನ್ನೆಲೆಯನ್ನು ವಿವರಿಸುವ ಪೀಠಿಕೆಯೊಂದಿಗೆ ಪುನಃ ಪ್ರಸಾರಕ್ಕೆ ಬಿಟ್ಟಿತು.

ಶುಗರ್ ಹಿಲ್ ಮೊಕದ್ದಮೆ

ಲಾಸ್ ಏಂಜಲೀಸ್‌ನ ವೆಸ್ಟ್ ಆಡಮ್ಸ್ ಪ್ರದೇಶದ 'ಶುಗರ್ ಹಿಲ್' ಬಡಾವಣೆಯಲ್ಲಿ ಮೆಕ್‌ಡೇನಿಯಲ್ ಮನೆ ಕೊಂಡಿದ್ದರು. ಅಲ್ಲಿನ ಆಸ್ತಿಪತ್ರಗಳಲ್ಲಿ, ಮನೆಗಳನ್ನು ಬಿಳಿಯರಲ್ಲದವರಿಗೆ ಮಾರಬಾರದೆಂಬ ಕರಾರು ಇತ್ತು. ಈ ಕರಾರಿನ ಆಧಾರದ ಮೇಲೆ ಬಿಳಿಯ ನಿವಾಸಿಗಳು ಕಪ್ಪು ಮನೆಮಾಲೀಕರನ್ನು ತೆರವುಗೊಳಿಸುವಂತೆ ನ್ಯಾಯಾಲಯಕ್ಕೆ ಹೋದರು. ಪ್ರತಿವಾದಿಗಳಲ್ಲಿ ನಟಿಯರಾದ ಲೂಯಿಸ್ ಬೀವರ್ಸ್ ಮತ್ತು ಎಥೆಲ್ ವಾಟರ್ಸ್ ಸಹ ಇದ್ದರು. ಪ್ರತಿವಾದಿಗಳ ಪರವಾಗಿ ವಕೀಲ ಲೊರೆನ್ ಮಿಲ್ಲರ್ ವಾದಿಸಿದರು. 1945ರ ಡಿಸೆಂಬರ್‌ನಲ್ಲಿ ನ್ಯಾಯಾಧೀಶ ಥರ್ಮಂಡ್ ಕ್ಲಾರ್ಕ್, ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿಯನ್ನು ಉಲ್ಲೇಖಿಸಿ ಮೊಕದ್ದಮೆಯನ್ನು ವಜಾ ಮಾಡಿದರು. ಇಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಲಾಗದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1948ರಲ್ಲಿ 'ಶೆಲ್ಲಿ ವಿರುದ್ಧ ಕ್ರೇಮರ್' ಪ್ರಕರಣದಲ್ಲಿ ತೀರ್ಪು ನೀಡಿತು.

ಕೊನೆಯ ವರ್ಷಗಳು ಮತ್ತು ನಿಧನ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಇವರು ಹಾಲಿವುಡ್ ವಿಕ್ಟರಿ ಸಮಿತಿಯ ಕಪ್ಪು ಕಲಾವಿದರ ವಿಭಾಗದ ಅಧ್ಯಕ್ಷೆಯಾಗಿ ಸೈನಿಕರಿಗಾಗಿ ಮನರಂಜನಾ ಕಾರ್ಯಕ್ರಮಗಳನ್ನು ಏರ್ಪಡಿಸಿದರು. 1947ರಲ್ಲಿ 'ಬ್ಯೂಲಾ' ಬಾನುಲಿ ಸರಣಿಯ ಮುಖ್ಯ ಪಾತ್ರವನ್ನು ವಹಿಸಿಕೊಂಡರು. ಅದೇ ಹೆಸರಿನ ದೂರದರ್ಶನ ಸರಣಿಯ ಕೆಲವು ಕಂತುಗಳಲ್ಲಿ ನಟಿಸುವಷ್ಟರಲ್ಲಿ ಅನಾರೋಗ್ಯಕ್ಕೀಡಾದರು. ಸ್ತನ ಕ್ಯಾನ್ಸರ್‌ನಿಂದ ಬಳಲಿದ ಇವರು 1952ರ ಅಕ್ಟೋಬರ್ 26ರಂದು, ತಮ್ಮ 59ನೆಯ ವಯಸ್ಸಿನಲ್ಲಿ, ವುಡ್‌ಲ್ಯಾಂಡ್ ಹಿಲ್ಸ್‌ನ ಮೋಷನ್ ಪಿಕ್ಚರ್ ಹೌಸ್ ಆಸ್ಪತ್ರೆಯಲ್ಲಿ ನಿಧನರಾದರು. ಇವರು ನಾಲ್ಕು ಬಾರಿ ವಿವಾಹವಾಗಿದ್ದರು, ಮಕ್ಕಳಿರಲಿಲ್ಲ.

ತಮ್ಮ ಅಂತ್ಯಕ್ರಿಯೆ ಹೇಗೆ ನಡೆಯಬೇಕೆಂಬುದನ್ನು ಮೆಕ್‌ಡೇನಿಯಲ್ ಉಯಿಲಿನಲ್ಲಿ ಬರೆದಿಟ್ಟಿದ್ದರು. ಬಿಳಿಯ ಶವಪೆಟ್ಟಿಗೆ, ಬಿಳಿಯ ವಸ್ತ್ರ, ಮುಡಿಯಲ್ಲೂ ಕೈಗಳಲ್ಲೂ ಬಿಳಿಯ ಗಾರ್ಡೀನಿಯಾ ಹೂಗಳು ಇರಬೇಕೆಂದು ಅವರು ಕೋರಿದ್ದರು. ಸಮಾಧಿ ಹಾಲಿವುಡ್ ಸ್ಮಶಾನದಲ್ಲಿ ಆಗಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ರುಡಾಲ್ಫ್ ವ್ಯಾಲೆಂಟಿನೊ, ಡಗ್ಲಸ್ ಫೇರ್‌ಬ್ಯಾಂಕ್ಸ್ ಮೊದಲಾದ ತಾರೆಯರ ಸಮಾಧಿಗಳಿರುವ ಆ ಸ್ಮಶಾನವು ಕಪ್ಪು ಜನರಿಗೆ ಜಾಗ ಕೊಡುತ್ತಿರಲಿಲ್ಲ; ಮೆಕ್‌ಡೇನಿಯಲ್ ಅವರಿಗೂ ಕೊಡಲಿಲ್ಲ. ಉಯಿಲಿನಲ್ಲಿ ಎರಡನೆಯ ಆಯ್ಕೆಯಾಗಿದ್ದ ರೋಸ್‌ಡೇಲ್ ಸ್ಮಶಾನದಲ್ಲಿ ಅವರ ಸಮಾಧಿಯಾಯಿತು. 1884ರಲ್ಲಿ ಸ್ಥಾಪನೆಯಾದ ಇದು ಎಲ್ಲ ಜನಾಂಗದವರಿಗೂ ತೆರೆದಿದ್ದ ಲಾಸ್ ಏಂಜಲೀಸ್‌ನ ಮೊದಲ ಸ್ಮಶಾನ.

ಮರಣೋತ್ತರ ಗೌರವಗಳು

ಹಾಲಿವುಡ್ ತಾರೆಯರನ್ನು ಸ್ಮರಿಸುವ ವಿಧಾನಗಳು ಹಲವು. ಚಿತ್ರೋದ್ಯಮ, ಸ್ಥಳೀಯ ವಾಣಿಜ್ಯ ಸಂಸ್ಥೆಗಳು, ಸರ್ಕಾರ ಮತ್ತು ವಿಶ್ವವಿದ್ಯಾಲಯಗಳು ತಮ್ಮದೇ ನಿಯಮಗಳ ಪ್ರಕಾರ ಗೌರವ ಸಲ್ಲಿಸುತ್ತವೆ. ಮೆಕ್‌ಡೇನಿಯಲ್ ಅವರಿಗೆ ಈ ಗೌರವಗಳು ಬೇರೆಬೇರೆ ಕಾಲದಲ್ಲಿ ಸಂದವು.

ಕೀರ್ತಿಪಥದ ನಕ್ಷತ್ರಗಳು: ಹಾಲಿವುಡ್ ಬೊಲೆವಾರ್ಡ್ ಮತ್ತು ವೈನ್ ಬೀದಿಗಳ ಕಾಲುದಾರಿಯಲ್ಲಿ ಕಲಾವಿದರ ಹೆಸರುಳ್ಳ ನಕ್ಷತ್ರಗಳನ್ನು ನೆಲಕ್ಕೆ ಕೂರಿಸಲಾಗಿದೆ. 'ವಾಕ್ ಆಫ್ ಫೇಮ್' ಎಂದು ಹೆಸರಾದ ಈ ಪಥವು 1960ರಲ್ಲಿ ಉದ್ಘಾಟನೆಗೊಂಡಿತು. ಹಾಲಿವುಡ್ ವಾಣಿಜ್ಯ ಮಂಡಳಿಯು ಇಲ್ಲಿಗೆ ಹೆಸರುಗಳನ್ನು ಆರಿಸುತ್ತದೆ. ಪ್ರತಿ ನಕ್ಷತ್ರದ ನಡುವಿನ ಲಾಂಛನವು ಕಲಾವಿದರ ಕ್ಷೇತ್ರವನ್ನು ಸೂಚಿಸುತ್ತದೆ: ಚಲನಚಿತ್ರಕ್ಕೆ ಕ್ಯಾಮೆರಾ, ಬಾನುಲಿಗೆ ಮೈಕ್ರೊಫೋನು. ಮೆಕ್‌ಡೇನಿಯಲ್ ಅವರ ಹೆಸರಿನಲ್ಲಿ ಎರಡು ನಕ್ಷತ್ರಗಳಿವೆ. ಬಾನುಲಿ ಸೇವೆಗಾಗಿ ನೀಡಿದ್ದು ಹಾಲಿವುಡ್ ಬೊಲೆವಾರ್ಡ್‌ನಲ್ಲಿಯೂ ಚಲನಚಿತ್ರಕ್ಕಾಗಿ ನೀಡಿದ್ದು ವೈನ್ ಬೀದಿಯಲ್ಲಿಯೂ ಇವೆ.

ಸ್ಮಾರಕ: ಹಾಲಿವುಡ್ ಸ್ಮಶಾನವು ಮುಂದೆ ಬೇರೆ ಮಾಲೀಕರ ಕೈಗೆ ಬಂದು 'ಹಾಲಿವುಡ್ ಫಾರೆವರ್' ಎಂಬ ಹೆಸರು ಪಡೆಯಿತು. ಮೆಕ್‌ಡೇನಿಯಲ್ ಅವರ ಅವಶೇಷಗಳನ್ನು ಅಲ್ಲಿಗೆ ತರಲು ಹೊಸ ಮಾಲೀಕರು ಮುಂದೆ ಬಂದರು. ಸಮಾಧಿಯನ್ನು ಕದಲಿಸಲು ಕುಟುಂಬದವರು ಒಪ್ಪಲಿಲ್ಲ. ಆದ್ದರಿಂದ 1999ರ ಅಕ್ಟೋಬರ್ 26ರಂದು, ಅವರ 47ನೆಯ ಪುಣ್ಯತಿಥಿಯ ದಿನ, ಅಲ್ಲಿನ ಸರೋವರಕ್ಕೆ ಎದುರಾಗಿ ಗ್ರಾನೈಟಿನ ಸ್ಮಾರಕವೊಂದನ್ನು ಸ್ಥಾಪಿಸಲಾಯಿತು. ದೇಹವು ಬೇರೆಡೆ ಇರುವವರ ನೆನಪಿಗಾಗಿ ನಿಲ್ಲಿಸುವ ಇಂಥ ಕಟ್ಟಡವನ್ನು ಸೆನೊಟಾಫ್ ಎನ್ನುತ್ತಾರೆ. ಹೀಗೆ ಉಯಿಲಿನಲ್ಲಿ ಬಯಸಿದ ಜಾಗದಲ್ಲಿ ಇವರ ಹೆಸರು ಮಾತ್ರ ನೆಲೆಗೊಂಡಿದೆ.

ಅಂಚೆಚೀಟಿ: ಅಮೆರಿಕದ ಅಂಚೆ ಇಲಾಖೆಯು 'ಬ್ಲ್ಯಾಕ್ ಹೆರಿಟೇಜ್' ಸರಣಿಯಲ್ಲಿ 2006ರ ಜನವರಿ 25ರಂದು ಇವರ ಭಾವಚಿತ್ರವುಳ್ಳ 39 ಸೆಂಟ್ ಮುಖಬೆಲೆಯ ಅಂಚೆಚೀಟಿಯನ್ನು ಬಿಡುಗಡೆ ಮಾಡಿತು. ದಾಸಿಯ ಉಡುಪಿನ ಬದಲು ಆಸ್ಕರ್ ಸಮಾರಂಭದಲ್ಲಿ ತೊಟ್ಟಿದ್ದ ಉಡುಪಿನಲ್ಲಿ ಇವರನ್ನು ಚಿತ್ರಿಸಿರುವುದು ಇದರ ವೈಶಿಷ್ಟ್ಯ.

ಇತರ ಗೌರವಗಳು: 1975ರಲ್ಲಿ ಕಪ್ಪು ಚಲನಚಿತ್ರಕಾರರ ಕೀರ್ತಿಭವನಕ್ಕೂ 2010ರಲ್ಲಿ ಕೊಲೊರಾಡೊ ಮಹಿಳಾ ಕೀರ್ತಿಭವನಕ್ಕೂ ಇವರ ಹೆಸರನ್ನು ಸೇರಿಸಲಾಯಿತು. 2010ರಲ್ಲಿ ಅತ್ಯುತ್ತಮ ಪೋಷಕ ನಟಿ ಪ್ರಶಸ್ತಿ ಪಡೆದ ಮೊನೀಕ್, ಮೆಕ್‌ಡೇನಿಯಲ್ ಅವರ ನೆನಪಿಗಾಗಿ ಮುಡಿಯಲ್ಲಿ ಗಾರ್ಡೀನಿಯಾ ಹೂ ಧರಿಸಿ, ಭಾಷಣದಲ್ಲಿ ಅವರಿಗೆ ಕೃತಜ್ಞತೆ ಸಲ್ಲಿಸಿದರು. 2020ರ 'ಹಾಲಿವುಡ್' ಕಿರುಸರಣಿಯಲ್ಲಿ ಮೆಕ್‌ಡೇನಿಯಲ್ ಪಾತ್ರವನ್ನು ಕ್ವೀನ್ ಲತೀಫಾ ನಿರ್ವಹಿಸಿದ್ದಾರೆ.

ಕಾಣೆಯಾದ ಫಲಕ

ಆಸ್ಕರ್ ಫಲಕವನ್ನು ವಾಷಿಂಗ್ಟನ್‌ನ ಹೊವಾರ್ಡ್ ವಿಶ್ವವಿದ್ಯಾಲಯಕ್ಕೆ ನೀಡಬೇಕೆಂದು ಮೆಕ್‌ಡೇನಿಯಲ್ ಉಯಿಲಿನಲ್ಲಿ ಸೂಚಿಸಿದ್ದರು. ಈ ವಿಶ್ವವಿದ್ಯಾಲಯವು ಕಪ್ಪು ಜನಾಂಗದವರ ಉನ್ನತ ಶಿಕ್ಷಣದ ಪ್ರಮುಖ ಕೇಂದ್ರಗಳಲ್ಲಿ ಒಂದು. ಫಲಕವನ್ನು ಅಲ್ಲಿನ ನಾಟಕ ವಿಭಾಗದಲ್ಲಿ ಪ್ರದರ್ಶನಕ್ಕೆ ಇಡಲಾಗಿತ್ತು. 1970ರ ದಶಕದ ಆರಂಭದ ವೇಳೆಗೆ ಅದು ಕಣ್ಮರೆಯಾಯಿತು. ಅದು ಎಲ್ಲಿ ಹೋಯಿತೆಂಬುದರ ಬಗ್ಗೆ ಅನೇಕ ಊಹೆಗಳಿದ್ದರೂ ಮೂಲ ಫಲಕ ಪತ್ತೆಯಾಗಲಿಲ್ಲ.

2023ರ ಅಕ್ಟೋಬರ್ 1ರಂದು ಅಕಾಡೆಮಿಯು ಅದರ ಬದಲಿಗೆ ಹೊಸ ಫಲಕವೊಂದನ್ನು ಹೊವಾರ್ಡ್ ವಿಶ್ವವಿದ್ಯಾಲಯಕ್ಕೆ ಹಸ್ತಾಂತರಿಸಿತು. ಇದರೊಂದಿಗೆ ಉಯಿಲಿನಲ್ಲಿ ಮೆಕ್‌ಡೇನಿಯಲ್ ವ್ಯಕ್ತಪಡಿಸಿದ್ದ ಎರಡು ಪ್ರಮುಖ ಅಪೇಕ್ಷೆಗಳಿಗೂ ಒಂದೊಂದು ಪರ್ಯಾಯ ದೊರೆತಂತಾಯಿತು: ಹಾಲಿವುಡ್ ಸ್ಮಶಾನದಲ್ಲಿ ಸಮಾಧಿಯ ಬದಲು ಸ್ಮಾರಕ, ವಿಶ್ವವಿದ್ಯಾಲಯದಲ್ಲಿ ಮೂಲ ಫಲಕದ ಬದಲು ಹೊಸ ಫಲಕ. ಇವರ ಸಮಾಧಿಯು ಇಂದಿಗೂ ರೋಸ್‌ಡೇಲ್‌ನಲ್ಲಿಯೇ ಇದೆ.